ಊರಿಗೆ ಬಂದ ಮೇಲೆ ಬಾಡಿಗೆ ಕಾರಿನ ಬಿಲ್ ಬಂದರೆ ಏನು ಮಾಡಬೇಕು?

ಮಗಳ ಮನೆಗೆಂದು ಜರ್ಮನಿಗೆ ಹೋಗಿ, ಅಲ್ಲೊಂದು ಕಾರು ಬಾಡಿಗೆಗೆ ಪಡೆದು ನಾಲ್ಕು ಊರು ಸುತ್ತಿ, ದಾವಣಗೆರೆಗೆ ವಾಪಸ್ ಬಂದಿರುತ್ತೀರಿ. ಕೆಲವು ವಾರ ಕಳೆದ ಮೇಲೆ ಇಮೇಲ್ ಬರುತ್ತದೆ: ಹಿಂದಿನ ಬಂಪರ್ ಮೇಲೆ ಸ್ಕ್ರ್ಯಾಚ್ ಇದೆ, 640 ಯೂರೋ ಕೊಡಿ. ಕೆಲವರಿಗೆ ಇಮೇಲ್ ಬರುವ ಮೊದಲೇ ಕ್ರೆಡಿಟ್ ಕಾರ್ಡಿನಿಂದ ಹಣ ಹೋಗಿರುತ್ತದೆ. ಓಟಿಪಿ ಕೂಡ ಬಂದಿರುವುದಿಲ್ಲ. ಹೊರದೇಶದ ಕಂಪನಿ ಓಟಿಪಿ ಇಲ್ಲದೆಯೂ ಕಾರ್ಡಿನಿಂದ ಹಣ ತೆಗೆದುಕೊಳ್ಳಬಹುದು. ಕಾರು ಪಡೆಯುವಾಗ ಸಹಿ ಹಾಕಿದ ಕರಾರಿನಲ್ಲೇ ಆ ಒಪ್ಪಿಗೆ ಇರುತ್ತದೆ.

ಹೆದರಿ ಸುಮ್ನೆ ಕಟ್ಟಿಬಿಡಬೇಡಿ. ದೂರದ ದೇಶದವರು ಏನು ಮಾಡಿಯಾರು ಅಂತ ಉತ್ತರ ಕೊಡದೆಯೂ ಇರಬೇಡಿ. ಇಲ್ಲಿ ಕೂತೇ ಪ್ರಶ್ನೆ ಕೇಳಬಹುದು.

ಮೊದಲ ಕೆಲಸ, ಅದೇ ವಾರ ಇಮೇಲ್‌ನಲ್ಲೇ ಉತ್ತರ ಬರೆಯುವುದು. ಫೋನ್ ಬೇಡ, ಮಾತಿಗೆ ದಾಖಲೆ ಉಳಿಯುವುದಿಲ್ಲ. ಸೌಜನ್ಯಕ್ಕೂ ‘ಸಾರಿ’ ಅಂತ ಬರೆಯಬೇಡಿ. ತಪ್ಪು ಒಪ್ಪಿಕೊಂಡಿರಿ ಎಂದೇ ಅವರು ಓದಿಕೊಳ್ಳಬಹುದು. ‘ಈ ಹಾನಿ ನನ್ನಿಂದ ಆಗಿದೆ ಎಂದು ನಾನು ಒಪ್ಪಿಲ್ಲ, ದಾಖಲೆ ಕಳಿಸಿ’ ಎಂದರೆ ಸಾಕು. ಬಾಡಿಗೆ ಕರಾರು, ಕಾರು ಕೊಟ್ಟಾಗಿನ ಮತ್ತು ವಾಪಸ್ ಪಡೆದಾಗಿನ ತಪಾಸಣೆ ಹಾಳೆ, ತಾರೀಖು ಇರುವ ಫೋಟೋ, ರಿಪೇರಿಯ ಎಸ್ಟಿಮೇಟ್ ಅಥವಾ ಬಿಲ್, ಇಷ್ಟನ್ನೂ ಕೇಳಿ.

ದಾಖಲೆ ಬಂದ ಮೇಲೆ ನಿಧಾನವಾಗಿ ಓದಿ. ಆ ಸ್ಕ್ರ್ಯಾಚ್ ಕಾರು ಕೊಟ್ಟಾಗಿನ ಹಾಳೆಯಲ್ಲೇ ಗುರುತಾಗಿದೆಯಾ? ಫೋಟೋ ತೆಗೆದ ದಿನ ಯಾವುದು? ನೀವು ಕಾರು ಬಿಟ್ಟು ನಾಲ್ಕು ದಿನದ ನಂತರದ್ದಾದರೆ ಆ ಮಧ್ಯೆ ಕಾರು ಯಾರ ಕೈಯಲ್ಲಿತ್ತು ಅಂತ ಕೇಳಿ. ಆದರೆ ಆಫೀಸು ಮುಚ್ಚಿದ ಮೇಲೆ ಕೀಯನ್ನು ಅವರ ಪೆಟ್ಟಿಗೆಗೆ ಹಾಕಿ ಬಂದಿದ್ದರೆ ನಿಮ್ಮ ವಾದಕ್ಕೆ ಬಲ ಕಡಿಮೆ. ಬಾಗಿಲು ತೆರೆಯುವವರೆಗೂ ಜವಾಬ್ದಾರಿ ಗ್ರಾಹಕರದ್ದೇ ಅಂತ ಬಹಳಷ್ಟು ಕರಾರುಗಳಲ್ಲಿ ಬರೆದಿರುತ್ತದೆ. ಕಾರು ಬಿಡುವಾಗ ನೀವೇ ತೆಗೆದ ವಿಡಿಯೋ ಇದ್ದರೆ ಈಗಲೇ ಕಳಿಸಿ.

ಬಿಲ್ಲನ್ನೂ ಬಿಡಿಸಿ ನೋಡಿ. ರಿಪೇರಿಯ ಜೊತೆಗೆ ಆಡಳಿತ ಶುಲ್ಕ, ಕಾರು ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ ನಷ್ಟ ಸೇರಿರಬಹುದು. ಎಷ್ಟು ದಿನ ನಿಂತಿತ್ತು, ಪುರಾವೆ ಕೊಡಿ ಎನ್ನುವುದು ನ್ಯಾಯವಾದ ಪ್ರಶ್ನೆ. ಇದೇ ಕೆಲಸ ನಮ್ಮೂರಿನ ಟಿಂಕರಿಂಗ್ ಶೆಡ್‌ನಲ್ಲಿ ಎಷ್ಟಕ್ಕೆ ಆಗುತ್ತಿತ್ತು ಎನ್ನುವ ವಾದ ಮಾತ್ರ ನಡೆಯದು, ಅಲ್ಲಿನ ಕೂಲಿಯೇ ಬೇರೆ. ಯುರೋಪಿನಲ್ಲಿ ನಡೆದ ಪ್ರಕರಣವಾದರೆ ಇನ್ನೊಂದು ಆಧಾರ ಇದೆ. ಯುರೋಪಿಯನ್ ಕಮಿಷನ್ 2015ರಲ್ಲಿ ಐದು ದೊಡ್ಡ ಬಾಡಿಗೆ ಕಂಪನಿಗಳಿಂದ ಒಪ್ಪಿಗೆ ಪಡೆದಿದೆ: ಹಾನಿಯ ಹಣ ತೆಗೆದುಕೊಳ್ಳುವ ಮೊದಲು ಗ್ರಾಹಕರಿಗೆ ಪ್ರಶ್ನಿಸಲು ಅವಕಾಶ ಕೊಡಬೇಕು. ಅವಿಸ್, ಎಂಟರ್‌ಪ್ರೈಸ್, ಯುರೋಪ್‌ಕಾರ್, ಹರ್ಟ್ಜ್, ಸಿಕ್ಸ್ಟ್ ಇವೇ ಆ ಐದು.

ಇನ್ನು ವಿಮೆ. ಗೊಂದಲ ಜಾಸ್ತಿ ಇರುವುದು ಇಲ್ಲೇ. ಕಾರಿನ ಜೊತೆ ಬರುವ ಸಿಡಿಡಬ್ಲ್ಯೂ (ಕೊಲಿಷನ್ ಡ್ಯಾಮೇಜ್ ವೇವರ್, ಅಂದರೆ ಹಾನಿಯ ಹೊಣೆಯಿಂದ ಕೊಡುವ ವಿನಾಯಿತಿ) ಎಲ್ಲ ಹಾನಿಯನ್ನೂ ತುಂಬುವುದಿಲ್ಲ. ‘ಎಕ್ಸೆಸ್’ ಎಂಬ ಮೊದಲ ಮೊತ್ತ ನಿಮ್ಮ ತಲೆಗೇ ಬರುತ್ತದೆ. ಟೈರು, ಗಾಜು, ಕಾರಿನ ತಳಭಾಗ ಹಲವು ಕರಾರುಗಳಲ್ಲಿ ಹೊರಗೇ ಉಳಿಯುತ್ತವೆ. ಆ ಎಕ್ಸೆಸ್ ತುಂಬಲು ಬೇರೆ ಪಾಲಿಸಿ ಕೊಂಡಿದ್ದೀರಾ, ಕ್ರೆಡಿಟ್ ಕಾರ್ಡಿನ ಜೊತೆ ಅಂಥ ಸೌಲಭ್ಯ ಇದೆಯಾ ಅಂತ ಹುಡುಕಿ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ದೆನಲ್ಲ ಅಂತ ಅನೇಕರು ನಂಬಿರುತ್ತಾರೆ. ಆದರೆ ನಮ್ಮ ಹೆಚ್ಚಿನ ಪಾಲಿಸಿಗಳಲ್ಲಿ ಬಾಡಿಗೆ ಕಾರಿನ ಹಾನಿ ಸೇರಿರುವುದಿಲ್ಲ, ಅದಕ್ಕೆ ಪ್ರತ್ಯೇಕ ಕಲಮು ಬೇಕು. ಕಲಮು ಇದ್ದರೆ ಕಂಪನಿಯ ಜೊತೆಗಿನ ಜಗಳ ಮುಗಿಯಲಿ ಅಂತ ಕಾಯದೆ ವಿಮೆಯವರಿಗೆ ಇಂದೇ ತಿಳಿಸಿ, ತಡವಾದ ಕಾರಣಕ್ಕೇ ಕ್ಲೇಮು ತಿರಸ್ಕರಿಸುವುದುಂಟು. ಕರಾರು, ಬಿಲ್, ಹಣ ಹೋದ ಸ್ಟೇಟ್‌ಮೆಂಟ್ ಜೊತೆ ಲೈಸೆನ್ಸ್ ಮತ್ತು ಆರ್‌ಟಿಒ ಕೊಟ್ಟ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಪ್ರತಿಯನ್ನೂ ಇಡಿ. ಅಪಘಾತವೇ ಆಗಿದ್ದರೆ ಪೊಲೀಸ್ ವರದಿ ಕೇಳುತ್ತಾರೆ.

ಕಾರ್ಡಿನಿಂದ ಹಣ ಹೋಗಿದ್ದು, ಕಂಪನಿ ದಾಖಲೆಯನ್ನೇ ಕೊಡುತ್ತಿಲ್ಲವೇ? ಬ್ಯಾಂಕಿನಲ್ಲಿ ‘ಡಿಸ್ಪ್ಯೂಟ್’ ಅರ್ಜಿ, ಅಂದರೆ ಈ ಹಣ ಕಡಿತಕ್ಕೆ ತಕರಾರು ಅರ್ಜಿ ಹಾಕಿ. ಇದಕ್ಕೆ ಗಡುವು ಇರುತ್ತದೆ, ಆದ್ದರಿಂದ ಸ್ಟೇಟ್‌ಮೆಂಟ್ ಕಂಡ ಕೂಡಲೇ ಹಾಕುವುದು ಒಳ್ಳೆಯದು. ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ, ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು ಕೊಡಬಹುದು, ಖರ್ಚಿಲ್ಲ. ವಿಮಾ ಕಂಪನಿ ಸತಾಯಿಸಿದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಅದಕ್ಕೂ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255ಕ್ಕೆ ಕರೆ ಮಾಡಿ ನೋಡಿ.

ಗ್ರಾಹಕ ಆಯೋಗ ಕೊನೆಯ ದಾರಿ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ದಾವಣಗೆರೆಯಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಹೊರದೇಶದ ಕಂಪನಿಯಿಂದ ಹಣ ವಸೂಲಿ ಮಾಡಿಸುವುದು ಕಷ್ಟ. ಭಾರತದ ವಿಮಾ ಕಂಪನಿ, ಬ್ಯಾಂಕ್ ಅಥವಾ ನೀವು ಬುಕಿಂಗ್ ಮಾಡಿದ ಇಲ್ಲಿನ ಸಂಸ್ಥೆಯ ವಿರುದ್ಧವಾದರೆ ಈ ದಾರಿ ಹಿಡಿಯಬಹುದು.