ಹೊಸ ಹುಂಜ ತರೋರು ಇದನ್ನೊಮ್ಮೆ ಓದಿ
ಹೊಸ ಹುಂಜ ತಂದ ದಿನಾನೇ ಹಳೇ ಕೋಳಿಗಳ ಜೊತೆ ಬಿಡ್ಬೇಡಿ ಫ್ರೆಂಡ್ಸ್. ಕಮ್ಮಿ ಅಂದ್ರೂ 3-4 ವಾರ ದೂರದಲ್ಲಿ ಬೇರೆ ಇಡಿ, ನೋಡೋಕೆ ಗಟ್ಟಿಮುಟ್ಟಾಗಿದ್ರೂ ಒಳಗೆ ರೋಗ ಇರಬಹುದು, ಮೂಗು ಸೋರ್ತಿದೆಯಾ, ಉಸಿರಾಡುವಾಗ ಗೊರಗೊರ ಅಂತಿದೆಯಾ, ಹಿಕ್ಕೆ ನೀರಾಗಿದೆಯಾ, ರೆಕ್ಕೆ ಕೆಳಗೆ ಹೇನಿದೆಯಾ ಎಲ್ಲಾ ನೋಡ್ತಿರಿ. ಮೊದಲು ಹಳೇ ಕೋಳಿಗಳಿಗೆ ಕಾಳು ಹಾಕಿ ಆಮೇಲೆ ಇದರ ಹತ್ರ ಹೋಗಿ, ಚಪ್ಪಲಿನೂ ಬೇರೆ ಇರಲಿ.

ಆಮೇಲೆ ಒಂದು ವಾರ ಮಧ್ಯ ಮೆಶ್ ಕಟ್ಟಿ ಮುಖ ಪರಿಚಯ ಮಾಡ್ಸಿ. ಬಿಟ್ಟಾಗ ಸ್ವಲ್ಪ ಕುಕ್ಕಾಟ ಇದ್ದೇ ಇರುತ್ತೆ, ರಕ್ತ ಬಂದ್ರೆ ತಕ್ಷಣ ಬೇರೆ ಮಾಡಿ. ಅಂದಹಾಗೆ ಈಗಾಗ್ಲೇ ಒಂದು ಹುಂಜ ಇದ್ದು ಹೇಂಟೆ ಏಳೆಂಟೇ ಇದ್ರೆ ಇನ್ನೊಂದು ಯಾಕೆ ಅಂತೀನಿ, ಪಾಪ ಹೇಂಟೆಗಳ ಬೆನ್ನಿನ ಪುಕ್ಕ ಎಲ್ಲಾ ಕಿತ್ತೋಗುತ್ತೆ.