ವ್ಯಾಪಾರಕ್ಕೆ ಫೋನ್ ಲೈನ್ ಬೇಕೇ? ಮೊದಲು ನಂಬರ್ ಯಾರ ಹೆಸರಲ್ಲಿದೆ ನೋಡಿ

ಚಿಕ್ಕಪೇಟೆಯ ಸೀರೆ ಅಂಗಡಿ ಇರಲಿ, ಪೀಣ್ಯದ ವರ್ಕ್‌ಶಾಪ್ ಇರಲಿ, ಬೋರ್ಡಿನ ಮೇಲಿರುವುದು ಹೆಚ್ಚಾಗಿ ಮಾಲೀಕರ ಸ್ವಂತ ಮೊಬೈಲ್ ನಂಬರ್. ಇಲ್ಲವೇ ಆರ್ಡರ್ ಬರೆದುಕೊಳ್ಳುವ ಹುಡುಗನದ್ದು. ಹುಡುಗ ಕೆಲಸ ಬಿಟ್ಟರೆ ಗಿರಾಕಿಗಳ ಫೋನೂ ಅವನ ಜೇಬಿನಲ್ಲೇ ಹೋಗುತ್ತದೆ. ಅದಕ್ಕೇ ಪ್ಲಾನು, ರೇಟು ಎಲ್ಲ ಆಮೇಲೆ.

1. ನಂಬರ್ ಸಂಸ್ಥೆಯ ಹೆಸರಲ್ಲಿರಲಿ

ಮೊಬೈಲ್ ಆದರೆ ಸಂಸ್ಥೆಯ ಹೆಸರಲ್ಲೇ ಬಿಸಿನೆಸ್ ಕನೆಕ್ಷನ್ ತೆಗೆದುಕೊಳ್ಳಿ. ಸಂಸ್ಥೆಯ ದಾಖಲೆಗಳ ಜೊತೆ ಆ ಸಿಮ್ ಬಳಸುವ ನೌಕರರ ಕೆವೈಸಿಯೂ ಬೇಕು. ಸ್ವಲ್ಪ ಓಡಾಟ ಜಾಸ್ತಿ, ಆದರೆ ನಂಬರ್ ನಿಮ್ಮದಾಗಿ ಉಳಿಯುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಬಹುದು. ಲ್ಯಾಂಡ್‌ಲೈನ್‌ಗೆ ನಮ್ಮ ದೇಶದಲ್ಲಿ ಆ ಸೌಲಭ್ಯ ಇಲ್ಲ. 080 ನಂಬರ್ ತೆಗೆದುಕೊಂಡರೆ ಆ ಕಂಪನಿಯ ಜೊತೆಗೇ ಬಾಳಬೇಕು. ಅಂಗಡಿಯನ್ನು ಮಲ್ಲೇಶ್ವರದಿಂದ ಜೆ.ಪಿ. ನಗರಕ್ಕೆ ಸಾಗಿಸಿದರೆ ಅದೇ ನಂಬರ್ ಸಿಗುತ್ತದೋ ಇಲ್ಲವೋ, ಲೈನ್ ಹಾಕಿಸುವ ಮೊದಲೇ ಕೇಳಿ. ಬಾಡಿಗೆ ಮಳಿಗೆಯಲ್ಲಿರುವವರು ಇದನ್ನು ಕೇಳಲೇಬೇಕು.

2. ಎಷ್ಟು ಲೈನ್ ಬೇಕು, ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. ಒಂದು ವಾರದ ಕಾಲ್ ಲಿಸ್ಟ್ ತೆಗೆದು, ದಿನದಲ್ಲಿ ಅತಿ ಹೆಚ್ಚು ಕರೆ ಬರುವ ಒಂದು ಗಂಟೆ ಯಾವುದು ನೋಡಿ. ಮಿಸ್ಡ್ ಕಾಲ್‌ಗಳನ್ನೂ ಸೇರಿಸಿ. ಅವೇ ಕೈತಪ್ಪಿದ ವ್ಯಾಪಾರ ಅಲ್ವಾ?

ಜಯನಗರದಲ್ಲಿ ಒಂದು ರಕ್ತಪರೀಕ್ಷೆ ಲ್ಯಾಬ್ ಇದೆ ಅಂದುಕೊಳ್ಳಿ. ಬೆಳಿಗ್ಗೆ 8ರಿಂದ 9ರೊಳಗೆ 30 ಕರೆ ಬರುತ್ತವೆ. ಒಂದೊಂದಕ್ಕೆ 4 ನಿಮಿಷ. ಒಟ್ಟು 120 ನಿಮಿಷ, ಅಂದರೆ ಎರಡು ಲೈನ್ ಸಾಕು ಅನ್ನಿಸುತ್ತದೆ. ಆದರೆ ಒಬ್ಬರು ಫೋನ್ ಇಡುವುದನ್ನೇ ಕಾದು ಇನ್ನೊಬ್ಬರು ಮಾಡುವುದಿಲ್ಲ. ಒಮ್ಮೆ ಐದು ಕರೆ ಒಟ್ಟಿಗೆ ನುಗ್ಗುತ್ತವೆ, ಆಮೇಲೆ ಹತ್ತು ನಿಮಿಷ ಸದ್ದೇ ಇಲ್ಲ. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ ಇದಕ್ಕೇ 1917ರಲ್ಲಿ ಒಂದು ಸೂತ್ರ ಕೊಟ್ಟರು. ಅದರಂತೆ ನಮ್ಮ ಲ್ಯಾಬ್‌ಗೆ ಎರಡೇ ಲೈನ್ ಇದ್ದರೆ ನೂರರಲ್ಲಿ 40 ಜನಕ್ಕೆ ಬ್ಯುಸಿ ಟೋನ್. ಮೂರಾದರೆ 21. ನಾಲ್ಕಾದರೆ 10ರ ಒಳಗೆ. ಐದಕ್ಕೆ ಬಂದರೆ 4ಕ್ಕೂ ಕಮ್ಮಿ. ಇಂಟರ್‌ನೆಟ್‌ನಲ್ಲಿ ‘ಎರ್ಲಾಂಗ್ ಬಿ’ ಕ್ಯಾಲ್ಕುಲೇಟರ್ ಪುಕ್ಕಟೆ ಸಿಗುತ್ತದೆ. ನಿಮ್ಮ ಅಂಕಿ ಹಾಕಿ ನೋಡಿ.

ಹಾಗಂತ ಐದು ಲೈನ್ ಹಾಕಿಸಿ ಕೌಂಟರ್‌ನಲ್ಲಿ ಇಬ್ಬರನ್ನು ಕೂರಿಸಿದರೆ ಪ್ರಯೋಜನ ಇಲ್ಲ. ಫೋನ್ ಎತ್ತುವವರೂ ಅಷ್ಟೇ ಬೇಕು. ಜೊತೆಗೆ ಹಂಟಿಂಗ್ ಸೌಲಭ್ಯ ಕೇಳಿ. ಗಿರಾಕಿಗೆ ಒಂದೇ ನಂಬರ್ ಗೊತ್ತಿದ್ದರೆ ಸಾಕು, ಕರೆ ತಾನಾಗಿ ಖಾಲಿ ಲೈನ್‌ಗೆ ಹೋಗುತ್ತದೆ.

3. ಯಾವ ಬಗೆಯ ಲೈನ್?

ಒಂದೆರಡು ಲೈನ್ ಸಾಕು ಅನ್ನುವವರಿಗೆ ಫೈಬರ್ ಇಂಟರ್‌ನೆಟ್ ಜೊತೆ ಬರುವ ಲ್ಯಾಂಡ್‌ಲೈನೇ ಧಾರಾಳ. ಐದರಿಂದ ಹತ್ತು ಬೇಕಾದರೆ ಸಿಪ್ ಟ್ರಂಕ್ ನೋಡಿ. ಡೇಟಾ ಕೇಬಲ್‌ನಲ್ಲೇ ಕರೆಗಳು ಬರುತ್ತವೆ, ಬೇಕಾದಂತೆ ಚಾನೆಲ್, ಅಂದರೆ ಏಕಕಾಲಕ್ಕೆ ಬರುವ ಕರೆಗಳ ದಾರಿ, ಹೆಚ್ಚಿಸಿಕೊಳ್ಳಬಹುದು. ಪಿಆರ್‌ಐ ಎಂಬ ದೊಡ್ಡ ಲೈನ್ ಒಂದರಲ್ಲಿ ಏಕಕಾಲಕ್ಕೆ 30 ಕರೆ ಹೋಗುತ್ತವೆ. ಆಸ್ಪತ್ರೆ, ಕಾಲ್ ಸೆಂಟರ್‌ಗೆ ಸರಿ. ಚಿಕ್ಕ ಆಫೀಸಿಗೆ ಅದನ್ನು ಮಾರಲು ಬಂದರೆ ನಯವಾಗಿ ಬೇಡ ಅನ್ನಿ.

ಹುಡುಗರು ಊರೆಲ್ಲ ಓಡಾಡುವ ವ್ಯಾಪಾರ, ಅಂದರೆ ಎಸಿ ರಿಪೇರಿ, ಪೆಸ್ಟ್ ಕಂಟ್ರೋಲ್, ಪ್ಯಾಕರ್ಸ್ ಮೂವರ್ಸ್ ಇದ್ದರೆ ಕ್ಲೌಡ್ ಟೆಲಿಫೋನಿ ಒಳ್ಳೆಯದು. ನಮ್ಮ ಬೆಂಗಳೂರಿನದೇ ಆದ ಎಕ್ಸೊಟೆಲ್‌ನಂಥ ಕಂಪನಿಗಳು ಇದನ್ನು ಕೊಡುತ್ತವೆ. ಗಿರಾಕಿ ಒಂದು ನಂಬರ್‌ಗೆ ಮಾಡುತ್ತಾರೆ, ಕರೆ ಹುಡುಗರ ಮೊಬೈಲ್‌ಗೆ ತಿರುಗುತ್ತದೆ, ರೆಕಾರ್ಡ್ ಕೂಡ ಆಗುತ್ತದೆ. ಆದರೆ ಆ ನಂಬರ್ ಸಾಮಾನ್ಯವಾಗಿ ಬಾಡಿಗೆಯದು. ಬಿಟ್ಟುಹೋದರೆ ಅದು ಯಾರಿಗೆ ಸೇರುತ್ತದೆ ಅಂತ ಬರವಣಿಗೆಯಲ್ಲಿ ಪಡೆಯಿರಿ.

1800 ಟೋಲ್‌ಫ್ರೀ? ಎಲ್ಲರ ಮೊಬೈಲ್‌ನಲ್ಲೂ ಅನ್‌ಲಿಮಿಟೆಡ್ ಪ್ಲಾನ್ ಇರುವಾಗ ಸಣ್ಣ ವ್ಯಾಪಾರಕ್ಕೆ ಅದು ಸುಮ್ನೆ ಖರ್ಚು.

4. ಕರೆಂಟು ಹೋದಾಗ ಏನು?

ಹಳೆಯ ತಾಮ್ರದ ಲೈನ್‌ಗೆ ಎಕ್ಸ್‌ಚೇಂಜ್‌ನಿಂದಲೇ 48 ವೋಲ್ಟ್ ಬರುತ್ತದೆ. ಅಂಗಡಿ ಕತ್ತಲಾದರೂ ವೈರ್ ಇರುವ ಸಾದಾ ಫೋನ್ ರಿಂಗ್ ಆಗುತ್ತದೆ. ಕಾರ್ಡ್‌ಲೆಸ್ ಆಗುವುದಿಲ್ಲ. ಫೈಬರ್‌ನಲ್ಲಿ ಆ ಭಾಗ್ಯ ಇಲ್ಲ. ಗೋಡೆಯ ಮೇಲಿನ ಡಬ್ಬಿ, ರೂಟರ್, ಇಂಟರ್‌ಕಾಮ್ ಮೂರಕ್ಕೂ ಯುಪಿಎಸ್ ಬೇಕು. ನೆಲಮಾಳಿಗೆಯಲ್ಲಿ ಕಂಪನಿಯವರದೇ ನೆಟ್‌ವರ್ಕ್ ಸ್ವಿಚ್ (ಲೈನ್ ಹಂಚುವ ಡಬ್ಬಿ) ಇದ್ದರೆ ಅದಕ್ಕೂ ಬ್ಯಾಕಪ್ ಇದೆಯಾ ಕೇಳಿ.

ಸ್ಪೀಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕರೆಗೆ ಸುಮಾರು 100 ಕೆಬಿಪಿಎಸ್ ಸಾಕು. ನಮ್ಮೂರಲ್ಲಿ ತೊಂದರೆ ಬರುವುದು ರಸ್ತೆ ಅಗೆದಾಗ, ಮರದ ಕೊಂಬೆ ಬಿದ್ದಾಗ. ಕೇಬಲ್ ಕತ್ತರಿಸಿದರೆ ಕರೆಗಳು ತಾವಾಗಿ ಒಂದು ಮೊಬೈಲ್‌ಗೆ ತಿರುಗುವ ವ್ಯವಸ್ಥೆ ಇರಲಿ.

5. ಸಹಿ ಹಾಕುವ ಮುನ್ನ

ದೇಶದೊಳಗಿನ ಕರೆಗೆ ಟೆಲಿಕಾಂ ಕಂಪನಿಗಳು ಪರಸ್ಪರ ಕೊಡುತ್ತಿದ್ದ ಶುಲ್ಕ 2021ರ ಜನವರಿಯಿಂದ ಸೊನ್ನೆಯಾಗಿದೆ. ಇನ್ನೂ ನಿಮಿಷದ ಲೆಕ್ಕದಲ್ಲಿ ಬಿಲ್ ಮಾಡುವವರ ಜೊತೆ ಚೌಕಾಸಿ ಮಾಡಿ. ಬಿಲ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇರಲಿ, ಇಲ್ಲದಿದ್ದರೆ 18 ಶೇಕಡಾ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ.

ಸಾಮಾನ್ಯ ನಂಬರ್‌ನಿಂದ ಸಿಕ್ಕಸಿಕ್ಕವರಿಗೆ ಆಫರ್ ಕರೆ ಮಾಡಿಸಬೇಡಿ. ಪ್ರಚಾರದ ಕರೆಗೆ ನೋಂದಣಿಯೂ 140 ಸರಣಿಯ ನಂಬರೂ ಬೇಕು. ಇಲ್ಲದಿದ್ದರೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದಂತೆ ನಿಮ್ಮ ಎಲ್ಲ ಲೈನ್‌ಗಳೂ ಕಟ್ ಆಗಿ, ನೀವು ಕಪ್ಪುಪಟ್ಟಿ ಸೇರಬಹುದು.

6. ಲೈನ್ ಬಂದ ದಿನ

ಮೇನ್ ಸ್ವಿಚ್ ಆಫ್ ಮಾಡಿ, ಹೊರಗಿನಿಂದ ಕರೆ ಮಾಡಿ ನೋಡಿ. ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕು, ಇದು 2021ರ ನಿಯಮ. ಹೊರಗಿನ ಲೈನ್‌ಗೂ ಸೊನ್ನೆ ಕೇಳುವ ಇಂಟರ್‌ಕಾಮ್ ಇದ್ದರೆ ಎರಡು ಸೊನ್ನೆ. ಹೊಸ ಸ್ಟಾಫ್‌ಗೆ ಇದು ಗೊತ್ತಿರುವುದಿಲ್ಲ, ಒಂದು ಚೀಟಿ ಅಂಟಿಸಿ.

080 ನಂಬರ್‌ನಲ್ಲೂ ವಾಟ್ಸ್‌ಆ್ಯಪ್ ಬಿಸಿನೆಸ್ ನಡೆಯುತ್ತದೆ. ಕೋಡ್ ಬರಲು ‘ಕರೆ ಮಾಡಿ’ ಆಯ್ಕೆ ಒತ್ತಿ. ಅಷ್ಟು ಹೊತ್ತು ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಅನ್ನುವ ಐವಿಆರ್ ಬಂದ್ ಮಾಡಿ. ಇಲ್ಲದಿದ್ದರೆ ಯಂತ್ರಕ್ಕೆ ಯಂತ್ರ ಕೋಡ್ ಓದಿ ಹೇಳಿ ಫೋನ್ ಇಟ್ಟುಬಿಡುತ್ತದೆ.

ಹಳೆಯ ನಂಬರನ್ನು ಆತುರದಲ್ಲಿ ಸರೆಂಡರ್ ಮಾಡಬೇಡಿ. ಹೊಸದಕ್ಕೆ ಫಾರ್ವರ್ಡ್ ಹಾಕಿ, ಬಿಲ್ ಬುಕ್, ಬೋರ್ಡ್, ಗೂಗಲ್ ಮ್ಯಾಪ್ ಎಲ್ಲ ಬದಲಿಸಿ. ಬಿಟ್ಟ ಮೊಬೈಲ್ ನಂಬರ್ 90 ದಿನ ಕಳೆದ ಮೇಲೆ ಬೇರೆಯವರ ಪಾಲಾಗಬಹುದು. ಅಷ್ಟರೊಳಗೆ ಬ್ಯಾಂಕ್, ಯುಪಿಐ, ಜಿಎಸ್‌ಟಿ ಪೋರ್ಟಲ್‌ಗಳಿಂದ ಅದನ್ನು ತೆಗೆಸಿರಬೇಕು.