ಅನುಕಲ ಪರಿವರ್ತನೆಗಳನ್ನು ಸೂತ್ರಕ್ಕೆ ಮೊದಲು ಗ್ರಹಿಸುವ ಬಗೆ

ಒಂದು ಫಲನವನ್ನು ಇನ್ನೊಂದರಿಂದ ಗುಣಿಸಿ, ಗುಣಲಬ್ಧದ ವಿಸ್ತೀರ್ಣವನ್ನು ಕೂಡಿ (ಅನುಕಲಿಸಿ) ಹೊಸ ಫಲನ ಪಡೆಯುವ ವಿಧಾನವೇ ಅನುಕಲ ಪರಿವರ್ತನೆ. ಫೂರಿಯರ್, ಲಾಪ್ಲಾಸ್ ಮೊದಲಾದ ಅನುಕಲ ಪರಿವರ್ತನೆಗಳನ್ನು ಹೆಚ್ಚಿನ ವಿದ್ಯಾರ್ಥಿಗಳು ಕೋಷ್ಟಕದಿಂದ ಕಲಿಯುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಯಾವ ಸಮಸ್ಯೆಗೆ ಯಾವ ಪರಿವರ್ತನೆ, ಅದೇ ಏಕೆ ಎಂಬುದು ಕೋಷ್ಟಕದಲ್ಲಿ ಸಿಗುವುದಿಲ್ಲ. ಅದು ತಿಳಿಯಬೇಕಾದರೆ, ಅನುಕಲದೊಳಗೆ ನಮ್ಮ ಫಲನವನ್ನು ಗುಣಿಸುವ ಇನ್ನೊಂದು ಫಲನವನ್ನು, ಅಂದರೆ ಕರ್ನೆಲ್ ಅನ್ನು, ಗಮನಿಸಬೇಕು.

ಮೊದಲು ಗ್ರಾಫ್ ಕಾಗದದ ಮೇಲೆ ಸೊನ್ನೆಯಿಂದ 2 ಪೈವರೆಗೆ ಮೂರು ಸುತ್ತಿನ ಕೊಸೈನ್ ಅಲೆಯೊಂದನ್ನು ಬರೆಯಿರಿ. ಅದನ್ನು ಎರಡು ಸುತ್ತಿನ ಕೊಸೈನಿನಿಂದ ಬಿಂದು ಬಿಂದುವಾಗಿ ಗುಣಿಸಿದರೆ, ಗುಣಲಬ್ಧವು ಒಂದು ಸುತ್ತಿನ ಮತ್ತು ಐದು ಸುತ್ತಿನ ಅಲೆಗಳ ಮೊತ್ತದ ಅರ್ಧವಾಗುತ್ತದೆ. ಎರಡೂ ಪೂರ್ಣ ಸುತ್ತುಗಳಾದ್ದರಿಂದ ಗೆರೆಯ ಮೇಲಿನ ಮತ್ತು ಕೆಳಗಿನ ವಿಸ್ತೀರ್ಣಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಮೂರು ಸುತ್ತಿನ ಕೊಸೈನಿನಿಂದಲೇ ಗುಣಿಸಿದರೆ ಗುಣಲಬ್ಧ ಎಲ್ಲಿಯೂ ಋಣವಾಗದು, ವಿಸ್ತೀರ್ಣ ಪೈ ಆಗುತ್ತದೆ. ಕರ್ನೆಲಿನೊಡನೆ ಫಲನ ಎಷ್ಟು ಹೊಂದುತ್ತದೆ ಎಂಬುದನ್ನು ಅನುಕಲ ಅಳೆಯುತ್ತಿದೆ, ಅಷ್ಟೇ. ಈಗ ಮೂರು ಸುತ್ತಿನ ಸೈನ್ ಅಲೆಯನ್ನು ಅದೇ ಕೊಸೈನಿನಿಂದ ಅಳೆದು ನೋಡಿ: ಆವೃತ್ತಿ ಒಂದೇ ಆಗಿದ್ದರೂ ಉತ್ತರ ಸೊನ್ನೆ. ಆದ್ದರಿಂದಲೇ ಸೈನ್, ಕೊಸೈನ್ ಎರಡರಿಂದಲೂ ಅಳೆಯಬೇಕಾಗುತ್ತದೆ, ಮತ್ತು ಕೊಸೈನನ್ನು ವಾಸ್ತವ ಭಾಗವಾಗಿ, ಸೈನನ್ನು ಕಾಲ್ಪನಿಕ ಭಾಗವಾಗಿ ಹೊಂದಿರುವ ಸಂಕೀರ್ಣ ಘಾತೀಯ ಫಲನ ಆ ಎರಡೂ ಅಳತೆಗಳನ್ನು ಒಂದೇ ಬಾರಿಗೆ ಮಾಡುತ್ತದೆ.

ಮುಂದಿನ ಹೆಜ್ಜೆಯಲ್ಲಿ ಅಳೆಯುವ ಅವಧಿಯನ್ನು ಬದಲಿಸಿ. 440 ಮತ್ತು 442 ಹರ್ಟ್ಜ್‌ನ ಎರಡು ಕೊಸೈನ್ ಅಲೆಗಳನ್ನು ಅರ್ಧ ಸೆಕೆಂಡಿನ ಮೇಲೆ ಪರಸ್ಪರ ಗುಣಿಸಿ ಕೂಡಿದರೆ ಸೊನ್ನೆ ಬರುತ್ತದೆ, ಏಕೆಂದರೆ ಅವುಗಳ ನಡುವಿನ ವ್ಯತ್ಯಾಸ ಅಷ್ಟರಲ್ಲಿ ಒಂದು ಸುತ್ತು ಪೂರೈಸಿರುತ್ತದೆ. ಆದರೆ 0.1 ಸೆಕೆಂಡಿನಲ್ಲಿ ನಿಲ್ಲಿಸಿದರೆ, 440ರ ಅಲೆ ತನ್ನೊಡನೆಯೇ ಹೊಂದುವುದರ ಸುಮಾರು ಮುಕ್ಕಾಲು ಭಾಗದಷ್ಟು 442ರ ಅಲೆಯೊಡನೆಯೂ ಹೊಂದಿದಂತೆ ಕಾಣುತ್ತದೆ. ಅವಧಿ ಕಿರಿದಾದಷ್ಟೂ ಆವೃತ್ತಿ ಮಸುಕಾಗುತ್ತದೆ. ಹೈಸನ್‌ಬರ್ಗ್ 1927ರಲ್ಲಿ ಮುಂದಿಟ್ಟ ಅನಿಶ್ಚಿತತೆಯ ನಿಯಮದ ಗಣಿತವೂ ಇದೇ, ಏಕೆಂದರೆ ಕ್ವಾಂಟಮ್ ಸಿದ್ಧಾಂತದಲ್ಲಿ ಸ್ಥಾನ ಮತ್ತು ಸಂವೇಗದ ವಿವರಣೆಗಳು ಪರಸ್ಪರ ಫೂರಿಯರ್ ಪರಿವರ್ತನೆಗಳಾಗಿವೆ.

ಹೀಗೆ ಅಳೆಯಲು ಘಾತೀಯ ಫಲನವೇ ಏಕೆ? ಅವಕಲಿಸಿದರೂ, ಅಂದರೆ ಬದಲಾವಣೆಯ ದರ ಕಂಡುಹಿಡಿದರೂ, ಅದರ ರೂಪ ಕೆಡುವುದಿಲ್ಲ, ಒಂದು ಗುಣಕವಷ್ಟೇ ಹೊರಬರುತ್ತದೆ; ಹಾಗಾಗಿ ಅವಕಲ ಸಮೀಕರಣ ಬೀಜಗಣಿತವಾಗಿ ಇಳಿಯುತ್ತದೆ. ಫೂರಿಯರ್ 1807ರಲ್ಲಿ ಮಂಡಿಸಿ 1822ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಶಾಖಪ್ರಸರಣದ ವಿಚಾರದಲ್ಲಿ ಇದರ ಫಲ ಚೆನ್ನಾಗಿ ಕಾಣುತ್ತದೆ. ಸರಳಿನ ಉಷ್ಣತೆಯ ಏರಿಳಿತವನ್ನು ಅಲೆಗಳಾಗಿ ಬಿಡಿಸಿದರೆ ಒಂದೊಂದು ಅಲೆಯೂ ಉಳಿದವುಗಳ ಹಂಗಿಲ್ಲದೆ ಕ್ಷೀಣಿಸುತ್ತದೆ, ಮತ್ತು ಅಲೆಯುದ್ದ ಅರ್ಧವಾದರೆ ಕ್ಷೀಣತೆಯ ದರ ನಾಲ್ಕು ಪಟ್ಟಾಗುತ್ತದೆ. ಚೂಪಾದ ಏರಿಳಿತಗಳು ಮೊದಲು ಅಳಿಸಿಹೋಗುವುದಕ್ಕೆ ಇದೇ ಕಾರಣ. ವೃತ್ತಾಕಾರದ ಸಮಸ್ಯೆಗಳಿಗೆ ಹ್ಯಾಂಕೆಲ್, ಅಳತೆ ಹಿಗ್ಗಿದರೂ ಕುಗ್ಗಿದರೂ ಸ್ವರೂಪ ಬದಲಾಗದ ಸಮಸ್ಯೆಗಳಿಗೆ ಮೆಲಿನ್ ಪರಿವರ್ತನೆ ಒಗ್ಗುವುದೂ ಇಂಥದೇ ಕಾರಣಕ್ಕೆ.

ಲಾಪ್ಲಾಸ್ ಪರಿವರ್ತನೆಯ ಕರ್ನೆಲ್ ಕ್ಷೀಣಿಸುವ ಘಾತೀಯ ಫಲನ; ಕ್ಷೀಣಿಸುವ ದರವನ್ನು ‘ಎಸ್’ ಎಂಬ ಅಕ್ಷರ ಸೂಚಿಸುತ್ತದೆ. ಸೊನ್ನೆ ಕ್ಷಣದಲ್ಲಿ ಆರಂಭವಾಗುವ ಪ್ರಕ್ರಿಯೆಗಳಿಗೆ ಅದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಅವಕಲದ ಪರಿವರ್ತನೆಯಲ್ಲಿ ಆರಂಭಿಕ ಬೆಲೆ ತಾನಾಗಿಯೇ ಬಂದು ಸೇರುತ್ತದೆ. 1 ಕಿಲೋ ಓಮ್ ರೋಧಕದ ಮೂಲಕ ಬರಿದಾಗುತ್ತಿರುವ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ತೆಗೆದುಕೊಳ್ಳಿ. ಅದರ ಕಾಲಸ್ಥಿರಾಂಕ, ಅಂದರೆ ರೋಧ ಮತ್ತು ಧಾರಕತೆಗಳ ಗುಣಲಬ್ಧ, 0.1 ಸೆಕೆಂಡು; ಅದರ ವಿಲೋಮ 10. ಲೆಕ್ಕ ಮಾಡಿದರೆ, ಆರಂಭಿಕ ವೋಲ್ಟೇಜನ್ನು ‘ಎಸ್ ಕೂಡಿಸು 10’ರಿಂದ ಭಾಗಿಸಿದ ರೂಪ ಸಿಗುತ್ತದೆ, ಮತ್ತು ಎಸ್‌ನ ಬೆಲೆ ಋಣ 10 ಆದಾಗ ಛೇದ ಸೊನ್ನೆಯಾಗುತ್ತದೆ. ಪಠ್ಯಗಳು ಈ ಬಿಂದುವಿಗೆ ಪೋಲ್ ಎಂದು ಹೆಸರಿಟ್ಟು ಮುಂದಕ್ಕೆ ಸಾಗುವುದು ರೂಢಿ. ಆದರೆ ಅಲ್ಲಿ ನಡೆಯುವುದು ಇಷ್ಟೇ: ಎಸ್ ಋಣವಾದ್ದರಿಂದ ಕರ್ನೆಲ್ ಕ್ಷೀಣಿಸುವ ಬದಲು, ವೋಲ್ಟೇಜ್ ಇಳಿಯುವ ವೇಗದಲ್ಲಿಯೇ ಏರುತ್ತಿರುತ್ತದೆ, ಗುಣಲಬ್ಧ ಸ್ಥಿರವಾಗಿ ನಿಲ್ಲುತ್ತದೆ, ಕೊನೆಯಿಲ್ಲದ ಕಾಲದ ಮೇಲೆ ಅದರ ವಿಸ್ತೀರ್ಣಕ್ಕೆ ಮಿತಿಯೇ ಇರುವುದಿಲ್ಲ.